ಬಾಗಿಲಲ್ಲಿ ಯಾರೂ ಇಲ್ಲದಾಗ

ಪುಸ್ತಕವೊಂದು ಅಚ್ಚಾಗಬೇಕಾದರೆ ಬರೆದವರನ್ನು ಬಿಟ್ಟು ಇನ್ನೊಬ್ಬರು ಯಾರಾದರೂ ‘ಆಗಬಹುದು’ ಎನ್ನಬೇಕು. ಅವರು ಸಂಪಾದಕರಿರಬಹುದು, ಪ್ರಕಾಶಕರಿರಬಹುದು, ಆಯ್ಕೆ ಸಮಿತಿಯವರಿರಬಹುದು, ಕೆಲವೊಮ್ಮೆ ಸರ್ಕಾರವೇ ಇರಬಹುದು. ಬಾಗಿಲಲ್ಲಿ ಕೂತ ಈ ಮನುಷ್ಯನನ್ನು ಬರೆಯುವವರೆಲ್ಲ ಒಂದಲ್ಲ ಒಂದು ದಿನ ಬೈದುಕೊಂಡಿರುತ್ತಾರೆ. ಆದರೆ ಆತ ಮಾಡುವ ಕೆಲಸ ಎರಡು. ಬೇಡವೆನಿಸಿದ್ದನ್ನು ತಡೆಯುವುದು ಒಂದು. ಒಳಗೆ ಬಿಟ್ಟದ್ದರ ಹೊಣೆಯಲ್ಲಿ ಪಾಲು ತೆಗೆದುಕೊಳ್ಳುವುದು ಇನ್ನೊಂದು. ಮೊದಲನೆಯದು ಎಲ್ಲರ ಕಣ್ಣಿಗೂ ಬೀಳುತ್ತದೆ. ಎರಡನೆಯದು ಕಾಣುವುದು ಆತ ಬಾಗಿಲಿನಿಂದ ಎದ್ದು ಹೋದ ಮೇಲೆ.

ಯಾರ ಒಪ್ಪಿಗೆಗೂ ಕಾಯದೆ ತಾವೇ ಬರೆದು, ತಾವೇ ಚಿತ್ರ ಬಿಡಿಸಿ, ತಾವೇ ಅಚ್ಚು ಹಾಕಿಸಿ, ತಾವೇ ಮಾರುವವರ ಕಾಮಿಕ್ಸ್‌ಗಳನ್ನು ನಾನು ಬಹಳ ವರ್ಷಗಳಿಂದ ಪ್ರೀತಿಯಿಂದ ಓದುತ್ತ ಬಂದಿದ್ದೇನೆ. ಅವುಗಳಲ್ಲಿ ಕೆಲವು ನನ್ನನ್ನು ಗಾಢವಾಗಿ ತಟ್ಟಿವೆ, ಕೆಲವು ಓಕರಿಕೆ ತರಿಸಿವೆ. ಎರಡೂ ಒಂದೇ ಬಾಗಿಲಿನಿಂದ, ಅಂದರೆ ಕಾವಲಿಲ್ಲದ ಬಾಗಿಲಿನಿಂದ ಬಂದಂಥವು. ಹಾಗಾಗಿ ಒಂದು ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತದೆ: ತಡೆಯುವವರು ಇಲ್ಲದ ಕಡೆ ಹೊಣೆ ಎಲ್ಲಿಗೆ ಹೋಗುತ್ತದೆ?

ಮೊದಲು ಕಾವಲಿದ್ದ ಕಾಲವನ್ನು ನೋಡೋಣ. 1954ರಲ್ಲಿ ಅಮೆರಿಕದ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ‘ಸೆಡಕ್ಷನ್ ಆಫ್ ದಿ ಇನೊಸೆಂಟ್’ ಎಂಬ ಪುಸ್ತಕ ಬರೆದು, ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತಿವೆ ಎಂದರು. ಅದೇ ವರ್ಷ ಸೆನೆಟ್ಟಿನ ಉಪಸಮಿತಿಯೊಂದು ವಿಚಾರಣೆ ನಡೆಸಿತು. ಸರ್ಕಾರ ಕಾನೂನು ತಂದೀತು ಎಂದು ಹೆದರಿದ ಪ್ರಕಾಶಕರು ತಾವೇ ಮುಂದಾಗಿ ‘ಕಾಮಿಕ್ಸ್ ಕೋಡ್’ ಎಂಬ ಕಟ್ಟಳೆ ಮಾಡಿಕೊಂಡರು. ಪೊಲೀಸರು, ನ್ಯಾಯಾಧೀಶರು, ಸರ್ಕಾರಿ ಅಧಿಕಾರಿಗಳ ಮೇಲೆ ಅಗೌರವ ಹುಟ್ಟುವಂತೆ ಬರೆಯಬಾರದು, ಕೊನೆಗೆ ಒಳಿತೇ ಗೆಲ್ಲಬೇಕು, ಹೀಗೆ. ಪಾಸಾದ ಪುಸ್ತಕದ ಮುಖಪುಟದ ಮೂಲೆಯಲ್ಲಿ ಅಂಚೆಚೀಟಿಯಂಥ ಒಂದು ಮುದ್ರೆ ಇರುತ್ತಿತ್ತು. ಅದಿಲ್ಲದ ಪುಸ್ತಕವನ್ನು ಬಹುಪಾಲು ವಿತರಕರು ಮುಟ್ಟುತ್ತಿರಲಿಲ್ಲ. ಕಾನೂನಿಲ್ಲದೆಯೇ ಕಾನೂನಿನ ಕೆಲಸ ನಡೆದುಹೋಯಿತು.

ಈ ಕೋಡ್ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ‘ಜಡ್ಜ್‌ಮೆಂಟ್ ಡೇ’ ಎಂಬ ಕತೆಯ ಪ್ರಸಂಗವೊಂದೇ ಸಾಕು. ಇಸಿ ಕಾಮಿಕ್ಸ್ 1953ರಲ್ಲಿ ಪ್ರಕಟಿಸಿದ ಕತೆ ಇದು. ರೋಬೋಗಳ ಗ್ರಹವೊಂದಕ್ಕೆ ಭೂಮಿಯಿಂದ ಒಬ್ಬ ಪರೀಕ್ಷಕ ಹೋಗುತ್ತಾನೆ. ಅಲ್ಲಿ ಕಿತ್ತಳೆ ಬಣ್ಣದ ರೋಬೋಗಳಿಗೆ ಒಂದು ನ್ಯಾಯ, ನೀಲಿ ರೋಬೋಗಳಿಗೆ ಇನ್ನೊಂದು. ಒಳಗಿನ ಯಂತ್ರ ಮಾತ್ರ ಒಂದೇ. ನೀವಿನ್ನೂ ನಮ್ಮ ಒಕ್ಕೂಟ ಸೇರುವಷ್ಟು ಬೆಳೆದಿಲ್ಲ ಎಂದು ಆತ ಹೊರಡುತ್ತಾನೆ. ಕೊನೆಯ ಚೌಕದಲ್ಲಿ ಆತ ಶಿರಸ್ತ್ರಾಣ ತೆಗೆದಾಗ ಅವನೊಬ್ಬ ಕಪ್ಪು ಮನುಷ್ಯ ಎಂದು ಓದುಗನಿಗೆ ತಿಳಿಯುತ್ತದೆ. 1956ರಲ್ಲಿ ಇದನ್ನು ಮರುಮುದ್ರಿಸಲು ಹೊರಟಾಗ ಕೋಡ್ ಕಚೇರಿ ಆ ಮನುಷ್ಯ ಕಪ್ಪಗಿರಕೂಡದು ಎಂದಿತು. ಪ್ರಕಾಶಕ ವಿಲಿಯಂ ಗೇನ್ಸ್ ಬಗ್ಗಲಿಲ್ಲ, ವಿಷಯವನ್ನು ಬಹಿರಂಗ ಮಾಡುತ್ತೇನೆಂದು ಹೆದರಿಸಿ ಕತೆಯನ್ನು ಇದ್ದಂತೆಯೇ ಅಚ್ಚು ಹಾಕಿದರು. ಅವರ ಸಂಸ್ಥೆ ತಂದ ಕೊನೆಯ ಕಾಮಿಕ್ಸ್ ಪುಸ್ತಕ ಅದೇ. ಆಮೇಲೆ ಅವರ ಬಳಿ ಉಳಿದದ್ದು ‘ಮ್ಯಾಡ್’ ಪತ್ರಿಕೆ ಮಾತ್ರ.

ಇಲ್ಲಿ ಗಮನಿಸಬೇಕಾದ ವಿಪರ್ಯಾಸವೊಂದಿದೆ. ವರ್ಥಮ್ ಕೆಟ್ಟ ಮನುಷ್ಯನಾಗಿರಲಿಲ್ಲ. ಹಾರ್ಲೆಮ್‌ನಲ್ಲಿ ಕಪ್ಪು ಜನರಿಗಾಗಿ ಕಡಿಮೆ ಖರ್ಚಿನ ಮಾನಸಿಕ ಚಿಕಿತ್ಸಾಲಯ ನಡೆಸಿದವರು ಅವರು. ಇಂಥದ್ದೊಂದು ಮುದ್ರೆಯನ್ನು ಅವರು ಕೇಳಿಯೂ ಇರಲಿಲ್ಲ. ಆದರೆ ಅವರು ಎಬ್ಬಿಸಿದ ಆತಂಕದಿಂದ ಹುಟ್ಟಿದ ಕಚೇರಿ ಎರಡೇ ವರ್ಷದಲ್ಲಿ ಕಪ್ಪು ಮುಖವೊಂದನ್ನು ಅಳಿಸಲು ಕೂತಿತು. ಕಾವಲಿಗೆ ಒಮ್ಮೆ ಕುರ್ಚಿ ಹಾಕಿಕೊಟ್ಟರೆ, ಅದರಲ್ಲಿ ಯಾರು ಬಂದು ಕೂರುತ್ತಾರೆ ಎಂಬುದು ಕುರ್ಚಿ ಹಾಕಿದವರ ಕೈಯಲ್ಲಿರುವುದಿಲ್ಲ.

ಇದಕ್ಕೆ ಉತ್ತರ ಬಂದದ್ದು 1968ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದ ಬೀದಿಯಿಂದ. ರಾಬರ್ಟ್ ಕ್ರಂಬ್ ‘ಝಾಪ್’ ಎಂಬ ಪುಸ್ತಕದ ಮೊದಲ ಸಂಚಿಕೆಯನ್ನು ಹೇಟ್ ಸ್ಟ್ರೀಟ್‌ನಲ್ಲಿ ಮಗುವಿನ ತಳ್ಳುಗಾಡಿಯಲ್ಲಿಟ್ಟುಕೊಂಡು ಮಾರಿದರು. ಜೊತೆಗೆ ತುಂಬು ಗರ್ಭಿಣಿ ಹೆಂಡತಿ. ಪತ್ರಿಕೆ ಮಾರುವ ಅಂಗಡಿಗಳಿಗೆ ಹೋಗದ ಪುಸ್ತಕಕ್ಕೆ ಮುದ್ರೆಯ ಹಂಗೂ ಇರಲಿಲ್ಲ. ಹಿಪ್ಪಿಗಳ ಸಾಮಾನು ಮಾರುವ ಅಂಗಡಿಗಳೇ ಇವುಗಳ ದಾರಿಯಾದವು. ಬೇರೆ ಜಾತಿಯ ಪುಸ್ತಕ ಎಂದು ತೋರಿಸಲು ಕಾಮಿಕ್ಸ್ ಎಂಬ ಪದದ ಕೊನೆಗೆ ಇಂಗ್ಲಿಷಿನ ಎಕ್ಸ್ ಅಕ್ಷರ ಹಾಕಿಕೊಳ್ಳುವುದು ರೂಢಿಯಾಯಿತು. ಇನ್ನೊಂದು ಬದಲಾವಣೆ ಇದಕ್ಕಿಂತ ದೊಡ್ಡದು. ಸೂಪರ್‌ಮ್ಯಾನ್‌ನನ್ನು ಸೃಷ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ 1938ರಲ್ಲಿ ಅವನ ಹಕ್ಕನ್ನು 130 ಡಾಲರಿಗೆ ಬಿಟ್ಟುಕೊಟ್ಟಿದ್ದರು. ಹೊಸ ಪುಸ್ತಕಗಳಲ್ಲಿ ಹಕ್ಕು ಬರೆದವರ ಬಳಿಯೇ ಉಳಿಯಿತು. ಮುಖಪುಟದ ಮೇಲೆ ಇದ್ದದ್ದು ಕಾರ್ಖಾನೆಯ ಹೆಸರಲ್ಲ, ಒಬ್ಬ ಮನುಷ್ಯನ ಹೆಸರು.

ನನಗೆ ಈ ಪುಸ್ತಕಗಳು ಏಕೆ ಇಷ್ಟ ಎಂದು ಕೇಳಿದರೆ ಎರಡು ಉದಾಹರಣೆ ಕೊಡುತ್ತೇನೆ. ಒಂದು, ಜಸ್ಟಿನ್ ಗ್ರೀನ್ 1972ರಲ್ಲಿ ಬರೆದ ‘ಬಿಂಕಿ ಬ್ರೌನ್’. ಕ್ಯಾಥೊಲಿಕ್ ಮನೆಯಲ್ಲಿ ಬೆಳೆದ ಹುಡುಗನೊಬ್ಬನಿಗೆ ತನ್ನ ದೇಹದಿಂದ, ಬೆರಳುಗಳಿಂದ ಪಾಪದ ಕಿರಣಗಳು ಹೊರಟು ಕನ್ಯೆ ಮೇರಿಯ ಮೂರ್ತಿಗೆ ತಾಗುತ್ತವೆ ಎಂಬ ಭಯ. ಅದು ಗೀಳುರೋಗ ಎಂಬುದು ಬರೆಯುವ ಹೊತ್ತಿಗೆ ಅವರಿಗೂ ಗೊತ್ತಿರಲಿಲ್ಲ. ಕೈಕಾಲು ಕಟ್ಟಿ ತಲೆಕೆಳಗಾಗಿ ನೇತುಹಾಕಿದ ಕಲಾವಿದ ಬಾಯಲ್ಲಿ ಲೇಖನಿ ಕಚ್ಚಿಕೊಂಡು ಈ ಕತೆ ಬರೆಯುತ್ತಿರುವ ಚಿತ್ರದಿಂದಲೇ ಪುಸ್ತಕ ಶುರುವಾಗುತ್ತದೆ. ಯಾವ ಪ್ರಕಾಶಕ ‘ಇಂಥದ್ದೊಂದು ಬರೆದುಕೊಡಿ’ ಎಂದು ಕೇಳುತ್ತಿದ್ದ? ಮುಂದೆ ಬಂದ ಆತ್ಮಕಥನದ ಕಾಮಿಕ್ಸ್‌ಗೆಲ್ಲ ಹಾದಿ ಇದು.

ಇನ್ನೊಂದು, ಹಾರ್ವಿ ಪೀಕಾರ್ ಅವರ ‘ಅಮೆರಿಕನ್ ಸ್ಪ್ಲೆಂಡರ್’. ಪೀಕಾರ್ ಕ್ಲೀವ್‌ಲ್ಯಾಂಡ್‌ನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಕಡತ ಜೋಡಿಸುವ ಗುಮಾಸ್ತ. ಚಿತ್ರ ಬಿಡಿಸಲು ಬಾರದು. ಕಡ್ಡಿ ಮನುಷ್ಯರನ್ನು ಗೀಚಿ ಕೆಳಗೆ ಮಾತು ಬರೆದು ಕ್ರಂಬ್‌ನಂಥ ಗೆಳೆಯರಿಗೆ ಕೊಡುತ್ತಿದ್ದರು. 1976ರಿಂದ ಸುಮಾರು ಹದಿನೈದು ವರ್ಷ, ವರ್ಷಕ್ಕೊಂದರಂತೆ ಸ್ವಂತ ಹಣದಲ್ಲಿ ಅಚ್ಚು ಹಾಕಿಸಿದರು. ಅಂಗಡಿಯ ಸಾಲಿನಲ್ಲಿ ಮುಂದೆ ನಿಂತ ಮುದುಕಿ, ಕೆಲಸದ ಜಾಗದ ಹರಟೆ, ಕೆಟ್ಟುಹೋದ ಕಾರು, ಇವೇ ವಸ್ತು. ಏನೂ ನಡೆಯದ ಬದುಕಿನಲ್ಲಿ ಎಷ್ಟೆಲ್ಲ ನಡೆಯುತ್ತದೆ ಎಂಬುದನ್ನು ನಾನು ಕಲಿತದ್ದು ಅಲ್ಲಿ.

ಪೀಕಾರ್ ವಿಷಯದಲ್ಲಿ ನನಗೆ ಮುಖ್ಯವೆನಿಸುವುದು ಇನ್ನೊಂದಿದೆ. ಅವರು ಬರೆದದ್ದು ದಿನಾ ಪಕ್ಕದಲ್ಲಿ ಕೂತು ಕೆಲಸ ಮಾಡುವವರ ಬಗ್ಗೆ. ಪುಸ್ತಕ ಬಂದ ಮರುದಿನವೂ ಅದೇ ಆಸ್ಪತ್ರೆಗೆ ಹೋಗಬೇಕು, ಅದೇ ಮುಖಗಳನ್ನು ನೋಡಬೇಕು. ಬರೆದದ್ದಕ್ಕೆ ಉತ್ತರ ಕೊಡುವ ಜಾಗ ನ್ಯಾಯಾಲಯವೂ ಅಲ್ಲ, ವಿಮರ್ಶೆಯ ಅಂಕಣವೂ ಅಲ್ಲ, ಆಸ್ಪತ್ರೆಯ ಕಾರಿಡಾರು.

ಈಗ ಓಕರಿಕೆಯ ಮಾತು. ಕ್ರಂಬ್ ಮತ್ತು ಅವರ ಗೆಳೆಯರ ಹಲವು ಕತೆಗಳಲ್ಲಿ ಹೆಂಗಸರ ಮೇಲಿನ ಹಿಂಸೆ ನಗೆಯ ವಸ್ತು. ಕಪ್ಪು ಜನರನ್ನು ಬಿಡಿಸಿದ ರೀತಿಯನ್ನು ವಿಡಂಬನೆ ಎಂದು ಸಮರ್ಥಿಸುವವರಿದ್ದಾರೆ. ನನಗೆ ಆ ಸಮರ್ಥನೆ ಒಪ್ಪಿಗೆಯಾಗಿಲ್ಲ. ವಿಡಂಬನೆಗೆ ಗುರಿ ಯಾರು ಎಂಬುದು ಚಿತ್ರದಲ್ಲಿಯೇ ಕಾಣಬೇಕು, ಚಿತ್ರಕಾರರು ಆಮೇಲೆ ವಿವರಿಸಿ ಹೇಳುವಂತಿರಬಾರದು. 1969ರಲ್ಲಿ ಬಂದ ‘ಝಾಪ್’ನ 4ನೆಯ ಸಂಚಿಕೆಯ ಮೇಲೆ ನ್ಯೂಯಾರ್ಕ್‌ನಲ್ಲಿ ಅಶ್ಲೀಲತೆಯ ಮೊಕದ್ದಮೆ ಹೂಡಿದರು. ತಪ್ಪಿತಸ್ಥರೆನಿಸಿಕೊಂಡವರು ಯಾರು? ಅದನ್ನು ಮಾರಿದ ಪುಸ್ತಕದಂಗಡಿಯವರು. ಬರೆದವರ ಸ್ವಾತಂತ್ರ್ಯದ ದಂಡವನ್ನು ಗಲ್ಲಾದಲ್ಲಿ ಕೂತವರು ಕಟ್ಟಿದರು. ಬಾಗಿಲಿನ ಮನುಷ್ಯನನ್ನು ಎಬ್ಬಿಸಿದರೂ ಹೊಣೆ ಕರಗಿಹೋಗಲಿಲ್ಲ. ಅದು ಉರುಳಿಕೊಂಡು ಹೋಗಿ ದುರ್ಬಲನಾದವನ ತಲೆಯ ಮೇಲೆ ಕೂತಿತು.

ಹಾಗಾದರೆ ಮತ್ತೆ ಕಾವಲು ಹಾಕಬೇಕೆ? ಟ್ರೀನಾ ರಾಬಿನ್ಸ್ ಎಂಬ ಚಿತ್ರಕಾರ್ತಿಗೆ ಹಾಗೆ ಕೇಳಲು ಎಲ್ಲ ಕಾರಣಗಳೂ ಇದ್ದವು. ಗಂಡಸರ ಗುಂಪು ಅವರನ್ನು ತಮ್ಮ ಸಂಚಿಕೆಗಳಿಗೆ ಕರೆಯುತ್ತಿರಲಿಲ್ಲ, ಕರೆಯದಿದ್ದುದನ್ನು ಎತ್ತಿ ಆಡಿದರೆ ನಿಮಗೆ ಹಾಸ್ಯಪ್ರಜ್ಞೆಯಿಲ್ಲ ಎನ್ನುತ್ತಿದ್ದರು. ಅವರು 1970ರಲ್ಲಿ ಹೆಂಗಸರೇ ಸೇರಿ ಮಾಡಿದ ‘ಇಟ್ ಏಂಟ್ ಮಿ ಬೇಬ್’ ಎಂಬ ಪುಸ್ತಕ ತಂದರು. 1972ರಲ್ಲಿ ‘ವಿಮೆನ್ಸ್ ಕಾಮಿಕ್ಸ್’ ಶುರುವಾಯಿತು. ಅದರಲ್ಲಿ ಸಂಪಾದಕಿಯ ಸ್ಥಾನ ಸಂಚಿಕೆಯಿಂದ ಸಂಚಿಕೆಗೆ ಕೈ ಬದಲಾಗುತ್ತಿತ್ತು. ಬಾಗಿಲಿತ್ತು, ಆದರೆ ಕೀಲಿಕೈ ಯಾರ ಸೊಂಟದಲ್ಲೂ ಖಾಯಂ ಆಗಲಿಲ್ಲ. ಅದರ ಮೊದಲ ಸಂಚಿಕೆಯಲ್ಲಿ ರಾಬಿನ್ಸ್ ತಮ್ಮ ಲೈಂಗಿಕತೆಯನ್ನು ಬಚ್ಚಿಡದ ಸಲಿಂಗಪ್ರೇಮಿ ಹುಡುಗಿಯೊಬ್ಬಳ ಕತೆ ಬರೆದರು. ಅದನ್ನು ಓದಿದ ಮೇರಿ ವಿಂಗ್ಸ್‌ಗೆ ಸಿಟ್ಟು ಬಂತು. ನಮ್ಮ ಕತೆಯನ್ನು ನಮ್ಮವಳಲ್ಲದವಳು ಏಕೆ ಬರೆಯಬೇಕು ಎಂದು. 1973ರಲ್ಲಿ ಅವರು ‘ಕಮ್ ಔಟ್ ಕಾಮಿಕ್ಸ್’ ಬರೆದು ತಾವೇ ಪ್ರಕಟಿಸಿದರು.

ಈ ಸರಪಳಿಯನ್ನು ನೋಡಿ: ಗಂಡಸರ ಪುಸ್ತಕಕ್ಕೆ ರಾಬಿನ್ಸ್ ಉತ್ತರ, ರಾಬಿನ್ಸ್‌ಗೆ ವಿಂಗ್ಸ್ ಉತ್ತರ. ನಡುವೆ ಯಾವ ಕಚೇರಿಯೂ ಇಲ್ಲ. ಕಾವಲಿಲ್ಲದ ಬಾಗಿಲನ್ನು ನಾನು ಸಮರ್ಥಿಸುವುದು ಬಹುಮಟ್ಟಿಗೆ ಇದೇ ಕಾರಣಕ್ಕೆ. ಅನ್ಯಾಯದ ಚಿತ್ರಕ್ಕೆ ಒಳ್ಳೆಯ ಉತ್ತರ ಇನ್ನೊಂದು ಚಿತ್ರ. ಆ ಉತ್ತರ ಕೊಡುವವಳೂ ಅದೇ ಬಾಗಿಲಿನಿಂದ ಬರಬೇಕು.

ಆದರೆ ಈ ವಾದ ಅರ್ಧ ದಾರಿಗೆ ಬಂದು ನಿಲ್ಲುತ್ತದೆ. ಉತ್ತರ ಕೊಡಲು ಎಲ್ಲರಿಗೂ ಕೈಯಲ್ಲಿ ಕುಂಚ ಇರುವುದಿಲ್ಲ. ಚಿತ್ರಕ್ಕೆ ಸಿಕ್ಕಿಬಿದ್ದವರಲ್ಲಿ ತೀರಿಹೋದವರಿರುತ್ತಾರೆ, ಓದಲು ಬಾರದವರಿರುತ್ತಾರೆ, ಅಡುಗೆಮನೆಯಿಂದ ಹೊರಗೆ ತಮ್ಮ ಮಾತಿಗೆ ಬೆಲೆಯಿಲ್ಲದವರಿರುತ್ತಾರೆ. ಕಾಮಿಕ್ಸ್‌ನಲ್ಲಿ ಈ ಕಷ್ಟ ಇನ್ನೂ ಹೆಚ್ಚು. ಕಾದಂಬರಿಕಾರ ಹೆಸರು ಬದಲಿಸಿ, ಊರು ಬದಲಿಸಿ ತಪ್ಪಿಸಿಕೊಳ್ಳಬಹುದು. ಚಿತ್ರಕಾರ ಮೂಗು ಬರೆಯಲೇಬೇಕು. ಸೀರೆ ಉಡುವ ರೀತಿ, ಕೂರುವ ಭಂಗಿ, ಬಾಗಿದ ಬೆನ್ನು ಎಲ್ಲವೂ ಸಾಕ್ಷಿ ಹೇಳುತ್ತವೆ.

ಆರ್ಟ್ ಸ್ಪೀಗಲ್‌ಮನ್ ಅವರ ‘ಮೌಸ್’ ಈ ಕಷ್ಟದ ನಡುವೆಯೇ ನಿಂತ ಪುಸ್ತಕ. ಇಂದು ಅದು ಪುಲಿಟ್ಜರ್ ಪಡೆದ ಕೃತಿ. ಹುಟ್ಟಿದ್ದು ಮಾತ್ರ ಸ್ವಂತ ಪ್ರಕಟಣೆಯಾಗಿ. ಅವರು ಮತ್ತು ಹೆಂಡತಿ ಫ್ರಾನ್ಸ್ವಾಸ್ ಮೂಲಿ 1980ರಲ್ಲಿ ‘ರಾ’ ಎಂಬ ಪತ್ರಿಕೆ ಶುರುಮಾಡಿದರು. ಮೂಲಿ ಅದಕ್ಕೂ ಮೊದಲೇ ನ್ಯೂಯಾರ್ಕ್‌ನ ತಮ್ಮ ಮನೆಯಲ್ಲಿಯೇ ಅಚ್ಚುಯಂತ್ರ ತಂದಿಟ್ಟುಕೊಂಡಿದ್ದರು. ಆ ಪತ್ರಿಕೆಯ ಎರಡನೆಯ ಸಂಚಿಕೆಯಿಂದ ‘ಮೌಸ್’ ಕಂತುಗಳಲ್ಲಿ ಬಂತು. ಮೊದಲ ಅಧ್ಯಾಯದಲ್ಲಿ ತಂದೆ ವ್ಲಾದೆಕ್ ತಮ್ಮ ಯೌವನದ ಪ್ರೇಮ ಪ್ರಸಂಗವೊಂದನ್ನು ಹೇಳಿ, ಇದಕ್ಕೂ ಹಿಟ್ಲರನಿಗೂ ಸಂಬಂಧವಿಲ್ಲ, ಇದನ್ನು ಪುಸ್ತಕದಲ್ಲಿ ಹಾಕಬೇಡ ಎಂದು ಕೇಳಿಕೊಳ್ಳುತ್ತಾರೆ. ಮಗ ಮಾತು ಕೊಡುತ್ತಾನೆ. ಆ ಪ್ರಸಂಗವೂ, ಆ ಮಾತು ಕೊಟ್ಟದ್ದೂ ಎರಡೂ ಪುಸ್ತಕದಲ್ಲಿವೆ.

ಇದನ್ನು ಎಷ್ಟು ಸಲ ಓದಿದರೂ ನನಗೆ ನೆಮ್ಮದಿಯಿಲ್ಲ. ಮಾತು ಮುರಿದದ್ದು ಸತ್ಯ. ಆದರೆ ಮುರಿದದ್ದನ್ನು ಬಚ್ಚಿಟ್ಟಿಲ್ಲ. ಓದುಗನ ಮುಂದೆ ತನ್ನ ಮೇಲೆ ತಾನೇ ದೂರು ಬರೆದುಕೊಂಡಿದ್ದಾರೆ. ಇಷ್ಟು ಸಾಕೆ? ತಂದೆಗೆ ಸಾಕಾಗುತ್ತಿರಲಿಲ್ಲ. ಓದುಗನಾದ ನನಗೆ ಆ ಪ್ರಸಂಗವಿಲ್ಲದ ವ್ಲಾದೆಕ್ ಬರೀ ಬದುಕುಳಿದವನಾಗಿ ಉಳಿಯುತ್ತಿದ್ದ, ಮನುಷ್ಯನಾಗಿ ಅಲ್ಲ. ಎರಡೂ ನಿಜವಿರುವಾಗ ತಕ್ಕಡಿ ಯಾರ ಕೈಯಲ್ಲಿರಬೇಕು? ಬೇರೆ ಪ್ರಕಾಶಕನಿದ್ದಿದ್ದರೆ ‘ಸಂಪಾದಕರು ಒತ್ತಾಯಿಸಿದರು’ ಎನ್ನಬಹುದಿತ್ತು. ಮನೆಯಲ್ಲೇ ಯಂತ್ರ ಇಟ್ಟುಕೊಂಡವನಿಗೆ ಆ ನೆಪವಿಲ್ಲ.

ಅದೇ ‘ಮೌಸ್’ನಲ್ಲಿ ಇನ್ನೊಂದು ಪ್ರಸಂಗವಿದೆ. ತಾಯಿಯ ಆತ್ಮಹತ್ಯೆಯ ಬಗ್ಗೆ ಸ್ಪೀಗಲ್‌ಮನ್ ವರ್ಷಗಳ ಹಿಂದೆ ಒಂದು ಪುಟ್ಟ ಕಾಮಿಕ್ಸ್ ಬರೆದಿದ್ದರು. ಹೆಚ್ಚು ಜನ ನೋಡದ ಭೂಗತ ಸಂಚಿಕೆಯೊಂದರಲ್ಲಿ ಅದು ಬಂದಿತ್ತು. ಕಾಮಿಕ್ಸ್ ಮುಟ್ಟದ ಅಪ್ಪ ಇದನ್ನು ನೋಡುವುದುಂಟೆ ಎಂದು ಅವರು ಭಾವಿಸಿದ್ದರು. ಪರಿಚಿತರ ಮೂಲಕ ಅದು ಅಪ್ಪನ ಕೈಗೆ ಬಂದೇ ಬಂತು.

ಇದು ನನಗೆ ಅರ್ಥವಾಗುವ ಸಂಗತಿ, ಏಕೆಂದರೆ ನಾನೂ ಪುಟ್ಟ ಪುಸ್ತಕಗಳನ್ನು ಮಾಡುತ್ತೇನೆ. ನಾಲ್ಕು ಎ4 ಹಾಳೆಗಳ ಎರಡೂ ಬದಿಗೆ ಜೆರಾಕ್ಸ್ ಮಾಡಿಸಿ, ನಡುವೆ ಮಡಚಿ, ಉದ್ದ ಕೈಯ ಸ್ಟೇಪ್ಲರಿನಿಂದ ಎರಡು ಪಿನ್ ಹೊಡೆದರೆ ಹದಿನಾರು ಪುಟದ ಪುಸ್ತಕ. ಹೀಗೆ ಮಾಡಿದ್ದರಲ್ಲಿ ಒಂದು ನಮ್ಮ ಅಜ್ಜಿಯ ಕೊನೆಯ ವರ್ಷಗಳ ಬಗ್ಗೆ. ಅಜ್ಜಿಗೆ ಆಗ ಯಾರ ಗುರುತೂ ಹತ್ತುತ್ತಿರಲಿಲ್ಲ. ಆರು ವರ್ಷ ಅವರ ಸೇವೆ ಮಾಡಿದ ಚಿಕ್ಕಮ್ಮನನ್ನೇ ಒಂದು ದಿನ ಕೆಲಸದವಳೆಂದುಕೊಂಡು, ‘ಇವಳ ಸಂಬಳ ಕೊಟ್ಟು ಕಳಿಸಿ, ಕೈ ಸುಮಾರು’ ಎಂದರು. ಆ ಪುಟ ಚೆನ್ನಾಗಿ ಬಂದಿತ್ತು. ಪುಸ್ತಕದಲ್ಲಿ ಅದಕ್ಕಿಂತ ಒಳ್ಳೆಯ ಪುಟ ಇರಲಿಲ್ಲ. ಜೆರಾಕ್ಸಿಗೆ ಕೊಡುವ ಮೊದಲು ಚಿಕ್ಕಮ್ಮನಿಗೆ ತೋರಿಸಿದೆ. ನಿಧಾನವಾಗಿ ಎಲ್ಲ ಪುಟ ನೋಡಿ ಅವರು ಹೇಳಿದ್ದು ಇಷ್ಟು: “ಅದೊಂದು ಪುಟ ಬೇಡ ಮಾರಾಯ. ಅಮ್ಮ ಹಾಗಿರಲಿಲ್ಲ ಅಂತ ನಿಂಗೆ ಗೊತ್ತು. ಓದುವವರಿಗೆ ಗೊತ್ತಿರ್ತದಾ?”

ಅವರು ತಮಗಾದ ಅವಮಾನದ ಬಗ್ಗೆ ಹೇಳುತ್ತಾರೆ ಎಂದುಕೊಂಡಿದ್ದೆ. ಅವರ ಚಿಂತೆ ಅಜ್ಜಿಯ ಮಾನದ್ದಾಗಿತ್ತು. ಪುಟ ತೆಗೆದೆ. ಪಿನ್ ಹೊಡೆಯುವ ಪುಸ್ತಕದಲ್ಲಿ ಒಂದೇ ಪುಟ ತೆಗೆಯಲು ಬರುವುದಿಲ್ಲ, ಲೆಕ್ಕ ನಾಲ್ಕರ ಮಗ್ಗಿಯಲ್ಲೇ ಬರಬೇಕು. ಹಾಗಾಗಿ ಆ ಜಾಗದಲ್ಲಿ ಹಳೆಯ ಮನೆಯ ಒಲೆಯ ಚಿತ್ರ ಬಿಡಿಸಿದೆ. ಅರವತ್ತು ಪ್ರತಿ ಮಾಡಿಸಿದೆ. ಅವುಗಳಲ್ಲಿ ಅರ್ಧದಷ್ಟು ಹೋದದ್ದು ಅಜ್ಜಿಯ ಕೈಯಡುಗೆ ಉಂಡವರ ಮನೆಗಳಿಗೇ.

ಸ್ವಂತ ಪ್ರಕಟಣೆಯ ಬಗ್ಗೆ ಮಾತಾಡುವವರು ‘ಅರವತ್ತೇ ಪ್ರತಿ ತಾನೆ’ ಎನ್ನುವುದುಂಟು. ನನ್ನ ಅನುಭವ ತದ್ವಿರುದ್ಧ. ಅರವತ್ತು ಸಾವಿರ ಪ್ರತಿ ಅಚ್ಚಾಗಿ ದೇಶದಲ್ಲೆಲ್ಲ ಹಂಚಿಹೋದರೆ ನನ್ನ ಅಜ್ಜಿ ಓದುಗರಿಗೆ ಒಂದು ಪಾತ್ರ. ಅರವತ್ತು ಪ್ರತಿ ಅಚ್ಚಾದಾಗ ಅವರು ಪಾತ್ರವಲ್ಲ, ಬಂಧು. ಓದುಗ ಹತ್ತಿರವಾದಷ್ಟೂ ಪುಸ್ತಕಕ್ಕೆ ಗಾಯ ಮಾಡುವ ಶಕ್ತಿ ಹೆಚ್ಚು. ಪ್ರತಿಗಳ ಸಂಖ್ಯೆ ಚಿಕ್ಕದಾದರೆ ಹೊಣೆಯೂ ಚಿಕ್ಕದಾಗುತ್ತದೆ ಎಂಬ ಲೆಕ್ಕ ಸರಿಯಲ್ಲ.

ಹಾಗೆಂದು ಕೇಳಿದವರ ಮಾತಿಗೆಲ್ಲ ಪುಟ ಹರಿಯಬೇಕು ಎಂಬ ನಿಯಮವನ್ನೂ ನಾನು ಒಪ್ಪಲಾರೆ. ಹಾಗಿದ್ದರೆ ‘ಬಿಂಕಿ ಬ್ರೌನ್’ ಇರುತ್ತಿರಲಿಲ್ಲ. ಒರಿಜಿತ್ ಸೇನ್ 1994ರಲ್ಲಿ ನರ್ಮದಾ ಕಣಿವೆಯ ಜನರ ಬಗ್ಗೆ ತಂದ ‘ರಿವರ್ ಆಫ್ ಸ್ಟೋರೀಸ್’ ಕೂಡ ಇರುತ್ತಿರಲಿಲ್ಲ. ಭಾರತದ ಮೊದಲ ಗ್ರಾಫಿಕ್ ಕಾದಂಬರಿ ಎನ್ನುವ ಆ ಪುಸ್ತಕವನ್ನು ತಂದದ್ದು ದೊಡ್ಡ ಪ್ರಕಾಶಕರಲ್ಲ, ಕಲ್ಪವೃಕ್ಷ ಎಂಬ ಪರಿಸರ ಸಂಘಟನೆ. ಅಣೆಕಟ್ಟು ಕಟ್ಟುವವರ ಒಪ್ಪಿಗೆ ಕೇಳಿ ಅಣೆಕಟ್ಟಿನ ಕತೆ ಬರೆಯಲಾಗದು. ಬೇಡ ಎನ್ನುವವರು ಯಾರು, ಅವರ ಕೈಯಲ್ಲಿ ಬೇರೆ ಏನೇನು ಬಲವಿದೆ ಎಂಬುದು ಮುಖ್ಯ. ಬಲವಿರುವವರು ಬೇಡ ಎಂದರೆ ಬರೆಯಲು ಅದೇ ಒಂದು ಕಾರಣ. ಬಲವಿಲ್ಲದವರು ಬೇಡ ಎಂದರೆ ಕೂತು ಕೇಳಬೇಕು. ಕೇಳಿದ ಮೇಲೆ ತೀರ್ಮಾನ ಏನೇ ಇರಲಿ, ಅದನ್ನು ಅವರ ಎದುರಿಗೇ ಹೇಳುವ ಧೈರ್ಯ ಇರಬೇಕು.

ಕನ್ನಡಕ್ಕೆ ಈ ವಿಚಾರ ಹೊಸದೇನಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿ ಮನೆಮನೆಗೆ ಮಾರಿದರು. ಪುಸ್ತಕ ಹಿಡಿಸದವರು ಮುಂದಿನ ಸಲ ಬಂದಾಗ ಮುಖಕ್ಕೇ ಹೇಳಬಹುದಿತ್ತು. ವೈದ್ಯರಾಗಿದ್ದ ರಾಶಿಯವರು 1942ರಲ್ಲಿ ಶುರುಮಾಡಿದ ‘ಕೊರವಂಜಿ’ ಇಪ್ಪತ್ತೈದು ವರ್ಷ ನಡೆಯಿತು, ಆರ್.ಕೆ. ಲಕ್ಷ್ಮಣ್ ಚಿತ್ರ ಬರೆದ ಪತ್ರಿಕೆ ಅದು. ಕಾಮಿಕ್ಸ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕಾರ್ಕಳದ ಅನಂತ ಪೈಯವರ ಅಮರ ಚಿತ್ರ ಕಥೆ. ಹಿರಿಯರು ನೋಡಿ, ಮೆಚ್ಚಿ, ಮಕ್ಕಳಿಗೆ ಕೊಡಿಸಿದ ಪುಸ್ತಕಗಳವು. ಅವುಗಳಿಂದ ನಾನು ಪಡೆದದ್ದು ಬಹಳ. ಆದರೆ ಹಿರಿಯರು ಒಪ್ಪಿದ ಕತೆಗಳಲ್ಲಿ ಗುಮಾಸ್ತನ ಬೇಸರಕ್ಕೆ, ಗೀಳು ಹಿಡಿದ ಹುಡುಗನ ಭಯಕ್ಕೆ, ಮರೆವು ಬಂದ ಅಜ್ಜಿಗೆ ಜಾಗವಿರಲಿಲ್ಲ.

ಈಗ ಚಿತ್ರ ಹಾಕಲು ಜೆರಾಕ್ಸ್ ಅಂಗಡಿಯೂ ಬೇಡ, ಫೋನು ಸಾಕು. ಯಾರನ್ನೂ ಕೇಳುವಂತಿಲ್ಲ, ಯಾರಿಗೂ ಉತ್ತರಿಸುವಂತೆಯೂ ಇಲ್ಲ. ಅಲ್ಲಿರುವ ಬಾಗಿಲನ್ನು ಒಂದು ಲೆಕ್ಕಾಚಾರ ಕಾಯುತ್ತದೆ. ಅದು ತಡೆಯುವುದನ್ನು ಬಲ್ಲದು, ಹೊಣೆಯಲ್ಲಿ ಪಾಲು ತೆಗೆದುಕೊಳ್ಳುವುದನ್ನು ಅರಿಯದು. ಆದ್ದರಿಂದಲೇ ಕಾಗದದ ಪುಟ್ಟ ಪುಸ್ತಕದ ಮೇಲಿನ ನನ್ನ ಪ್ರೀತಿ ಬರೀ ಹಳೆಯದರ ಹಂಬಲ ಅಲ್ಲ ಎಂದುಕೊಂಡಿದ್ದೇನೆ. ಅದನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡಬೇಕು. ಕೊಡುವಾಗ ತೆಗೆದುಕೊಳ್ಳುವವರ ಮುಖ ನೋಡಬೇಕು. ಕಾವಲುಗಾರ ಎದ್ದು ಹೋದ ಬಾಗಿಲಲ್ಲಿ ಬರೆದವನೇ ಬಂದು ನಿಲ್ಲಬೇಕಾಗುತ್ತದೆ. ಒಳಗೆ ಬರುವವರನ್ನು ತಡೆಯಲು ಅಲ್ಲ, ಇದನ್ನು ಬರೆದವರು ಯಾರು ಎಂದು ಕೇಳಿದಾಗ ‘ನಾನೇ’ ಎನ್ನಲು.